ಗೆಳತಿಯ ಹೆಸರಿಗೆ ಬಿಟ್ಟ ಕುರಿ

ಮೊದಲು ಸತ್ತದ್ದು ಹನ್ನೆರಡು ದಿನದ ಒಂದು ಹೆಣ್ಣುಮರಿ. ಬೆಳಿಗ್ಗೆ ದೊಡ್ಡಿಯ ಬಾಗಿಲು ತೆಗೆದಾಗ ಅದರ ಮೂಗು ಕಟ್ಟಿತ್ತು, ಕಣ್ಣಿಗೆ ಪಿಸುರು ಮೆತ್ತಿತ್ತು. ತಾಯಿ ಅದನ್ನು ಮೂಸಿ ಮುಂಗಾಲಿನಿಂದ ಕೆರೆಯುತ್ತಿತ್ತು, ಏಳು ಅನ್ನುವ ಹಾಗೆ. ನಾನು ಮರಿಯನ್ನು ಎತ್ತಿ ಬಾಲದ ಬುಡ ನೋಡಿದೆ. ಕೂದಲಿಲ್ಲದ ಜಾಗದಲ್ಲಿ ತೊಗರಿ ಕಾಳಿನಷ್ಟು ಕೆಂಪು ಗಂಟುಗಳು ಎದ್ದಿದ್ದವು. ಮಧ್ಯಾಹ್ನ ರೊಟ್ಟಿ ತಿಂದು ಬರುವುದರೊಳಗೆ ಅದು ಸತ್ತಿತ್ತು.

ನಮ್ಮ ಕಡೆ ಇದಕ್ಕೆ ಕುರಿಗೆ ದೇವಿ ಎದ್ದಳು ಅನ್ನುತ್ತಾರೆ. ದನದ ಡಾಕ್ಟರು ಕುರಿ ಸಿಡುಬು ಅನ್ನುತ್ತಾರೆ. ಹೆಸರು ಯಾವುದಾದರೇನು, ಸಾಯುವುದು ಒಂದೇ ರೀತಿ. ಇದು ಹೊಕ್ಕ ದೊಡ್ಡಿಯಲ್ಲಿ ಮೊದಲ ಕೆಲಸ ಸತ್ತ ಮರಿಯ ತಾಯಿಯನ್ನು ಕೆಡವಿ ನೋಡುವುದು. ನಾಲ್ಕೂ ಕಾಲು ಮೇಲೆ ಮಾಡಿ ಕಂಕುಳು, ತೊಡೆಯ ಸಂದು, ಕೆಚ್ಚಲ ಸುತ್ತ ಬೆರಳಾಡಿಸಬೇಕು. ಇದು ನನಗೆ ಮೂವತ್ತು ವರ್ಷದಿಂದ ಗೊತ್ತು. ಆದರೂ ಆವತ್ತು ಆ ತಾಯಿಕುರಿಯನ್ನು ನಾನು ಕೆಡವಲಿಲ್ಲ. ಅದು ನನ್ನ ಸತ್ತ ಗೆಳತಿಯ ಹೆಸರಿಗೆ ಬಿಟ್ಟ ಕುರಿ.

ಆ ಕುರಿ ನನ್ನ ದೊಡ್ಡಿಗೆ ಹೇಗೆ ಬಂತು ಅನ್ನುವುದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಗೆಳತಿ ಬಸವಕಲ್ಯಾಣ ತಾಲೂಕಿನ ಕೊಹಿನೂರದವಳು. ನಾನು ಹುಮನಾಬಾದ ಕಡೆಯ ಘಾಟಬೋರಾಳದವಳು. ಇಬ್ಬರ ಗಂಡಂದಿರೂ ಬೇಗ ಸತ್ತರು, ಕುರಿ ಬಿಟ್ಟು ಸತ್ತರು. ಜೋಳದ ಸುಗ್ಗಿ ಮುಗಿದ ಮೇಲೆ ಎರಡೂ ಹಿಂಡು ಕೂಡಿಸಿಕೊಂಡು ನಾರಾಯಣಪುರದ ಸುತ್ತಿನ ಹೊಲಗಳಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸುತ್ತಿದ್ದೆವು. ಇಬ್ಬರು ಒಂಟಿ ಹೆಂಗಸರು ಬೇರೆ ಬೇರೆ ಹಿಂಡು ಕಾಯುವುದಕ್ಕಿಂತ ಕೂಡಿ ಕಾದರೆ ಒಬ್ಬಳಿಗೆ ನಿದ್ದೆಯಾದರೂ ಸಿಗುತ್ತದೆ. ಗೆಳೆತನ ಶುರುವಾದದ್ದು ಹೀಗೆ, ಪ್ರೀತಿಯಿಂದ ಏನಲ್ಲ.

ಕೂಡಿದ ಮೊದಲ ವರ್ಷವೇ ಅವಳು ಎಂಥವಳು ಅಂತ ಗೊತ್ತಾಯಿತು. ನಾನೊಂದು ಬೇನೆಯ ಮರಿಯನ್ನು ಉಡಿಯಲ್ಲಿ ಹಾಕಿಕೊಂಡು ಬೆಲ್ಲದ ನೀರು ಕುಡಿಸುತ್ತ ಕೂತಿದ್ದೆ. ಅವಳು ಬಂದು ತಂಬಾಕು ತಿಕ್ಕುತ್ತ ನಿಂತಳು.

"ಯಾವಾಗಿಂದ ಕುಂತಿ?"

"ಮುಂಜಾನಿಂದ."

"ನಿನ್ನ ಉಡ್ಯಾಗ ಒಂದ ಅದ. ದೊಡ್ಡ್ಯಾಗ ಎಷ್ಟವ?"

ನಾನು ಬಾಯಿ ತೆರೆಯುವುದರೊಳಗೆ ಮರಿಯನ್ನು ಕಸಿದುಕೊಂಡು ಕುತ್ತಿಗೆ ತಿರುವಿದಳು. ಕಡ್ಡಿ ಮುರಿದಷ್ಟು ಸದ್ದಾಯಿತು. ಸೆರಗಿಗೆ ಕೈ ಒರೆಸಿಕೊಂಡು, "ಈಗ ಏಳು, ಉಳಿದವನ್ನ ನೋಡು" ಅಂದಳು. ಎರಡು ದಿನ ನಾನು ಅವಳ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಅವಳೇ, "ಸಿಟ್ಟು ಇಳೀತೇನ, ಖೋಡಿ? ಇಳೀದಿದ್ರೂ ನೀರ ಸೇದಾಕ ಬಾ" ಅಂದಳು. ಹೋದೆ.

ನನ್ನ ದೊಡ್ಡ ಮಗಳು ಹೆರಿಗೆಯಲ್ಲಿ ಸತ್ತಳು. ಮಣ್ಣು ಕೊಟ್ಟು ಬಂದ ಸಂಜೆ ಮನೆ ತುಂಬ ಜನ ಅಳುತ್ತಿದ್ದರು. ಗೆಳತಿ ಬಸ್ಸಿಳಿದು ಬಂದು ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು: "ಕುರಿಗಿ ನೀರು ಕುಡಿಸೀರೇನು?" ಯಾರೂ ಕುಡಿಸಿರಲಿಲ್ಲ. ನನ್ನ ರಟ್ಟೆ ಹಿಡಿದು ಎಬ್ಬಿಸಿ ಬಾವಿಗೆ ಕರೆದುಕೊಂಡು ಹೋದಳು. ಇವಳೇನು ಹೆಣ್ಣೋ ರಾಕ್ಷಸಿಯೋ ಅಂತ ಊರ ಹೆಂಗಸರು ಉಗುಳಿದರು. ಆ ಸಂಜೆ ನಾನು ಮೂವತ್ತು ಕೊಡ ನೀರು ಸೇದಿದೆ, ಅಂಗೈ ಕಿತ್ತುಹೋಗುವ ತನಕ. ಸೇದದೆ ಕೂತಿದ್ದರೆ ಇನ್ನೂ ಅಲ್ಲೇ ಕೂತಿರುತ್ತಿದ್ದೆ ಅಂತ ಈಗಲೂ ನನಗೆ ಅನ್ನಿಸುತ್ತದೆ.

ಅವಳದೊಂದು ಕಟ್ಟಳೆ ಇತ್ತು. ಎಂಟು ದಿನಕ್ಕೊಮ್ಮೆ ಒಂದೂ ಬಿಡದೆ ಎಲ್ಲ ಕುರಿಯನ್ನೂ ಕೆಡವಿ ನೋಡುವುದು. ಚೆನ್ನಾಗಿ ಮೇಯುವ ಕುರಿಯನ್ನೂ ಬಿಡುತ್ತಿರಲಿಲ್ಲ. "ಉಣ್ಣೆ ಒಳಗ ಏನದ ಅಂತ ಕಣ್ಣಿಗಿ ಕಾಣಸ್ತದೇನು?" ಅನ್ನುವಳು. ನೋಡಿ ಬೇನೆ ಇದ್ದದ್ದನ್ನು ಬೇರೆ ಮಾಡುವಳು, ಉಳಿಯುವುದಿಲ್ಲ ಅನ್ನಿಸಿದ್ದನ್ನು ಅಲ್ಲೇ ಮುಗಿಸುವಳು. ಬೇರೆಯವರ ಹಿಂಡು ಅರ್ಧಕ್ಕರ್ಧ ಹೋದ ವರ್ಷಗಳಲ್ಲೂ ನಮ್ಮದು ಉಳಿಯುತ್ತಿತ್ತು. ಜನ ನಮ್ಮ ದೈವ ಚಲೋ ಅನ್ನುತ್ತಿದ್ದರು. ಏನು ದೈವ! ಅವಳ ಬೆರಳು.

ಈ ರೋಗ ಬರುವ ಹಿಂದಿನ ಬೇಸಿಗೆಯಲ್ಲಿ ಅವಳು ಸತ್ತಳು. ನಾರಾಯಣಪುರದ ಹೊಲದಲ್ಲಿ, ಮಟಮಟ ಮಧ್ಯಾಹ್ನ. ಬೇಲಿಗೆ ಒರಗಿ ಕುರಿಗೆ ಉಪ್ಪು ನೆಕ್ಕಿಸುತ್ತ ಕೂತಿದ್ದಳು. ನಾನು ಈ ಕಡೆ ತೊಗರಿ ಹೊಟ್ಟು ಹರಡುತ್ತ ಅವಳನ್ನು ಬೈಯುತ್ತಿದ್ದೆ: "ಕುಂತಲ್ಲೆ ನಿದ್ದಿ ಹೊಡ್ಯಾಕತ್ತಿ, ಮುದುಕಿ! ನಾ ಏನು ನಿನ್ನ ಆಳೇನ?" ಇಡೀ ಹೊಟ್ಟು ಹರಡಿ ಮುಗಿಯುವ ತನಕ ಬೈದೆ. ಹತ್ತಿರ ಹೋದಾಗ ಅವಳ ಬಾಯಿ ತೆರೆದಿತ್ತು, ನೊಣ ಕೂತಿತ್ತು. ಒಂದು ಕರಿಮುಖದ ಕುರಿ ಇನ್ನೂ ಅವಳ ಅಂಗೈ ನೆಕ್ಕುತ್ತಿತ್ತು. ಹೆಣವನ್ನು ಬೈದವಳು ನಾನು. ಅದಕ್ಕೆ ಈಗ ಏನೂ ಮಾಡಲಾಗುವುದಿಲ್ಲ.

ಅವಳ ಮಗನಿಗೆ ಕುರಿ ಕಾಯುವ ಮನಸ್ಸಿರಲಿಲ್ಲ. ತಿಂಗಳೊಳಗೆ ಹಿಂಡು ಮಾರಿದ. ಆದರೆ ಆ ಕರಿಮುಖದ ಕುರಿಯನ್ನು ಮಾರಬೇಡ ಅಂತ ಅವರ ಮನೆಯ ಹಿರಿಯರು ಅಂದರು. ಕೊನೆಯ ಉಪ್ಪು ತಿಂದ ಕುರಿ, ಸತ್ತವಳ ಜೀವ ಅದರ ಹಿಂದೆ ಇರುತ್ತದೆ ಅಂತ. ನಮ್ಮಲ್ಲಿ ಹೀಗೆ ಸತ್ತವರ ಹೆಸರಿಗೆ ಒಂದು ಕುರಿ ಬಿಡುತ್ತಾರೆ. ಅದರ ನೆತ್ತಿಗೆ ಭಂಡಾರದ ಅರಿಶಿನ ಹಚ್ಚಿದ ಮೇಲೆ ಮಾರುವಂತಿಲ್ಲ, ಕೊಯ್ಯುವಂತಿಲ್ಲ, ಉಣ್ಣೆ ಕತ್ತರಿಸುವಂತಿಲ್ಲ, ನೆಲಕ್ಕೆ ಕೆಡವುವಂತಿಲ್ಲ. ತಾನಾಗಿ ಸಾಯುವ ತನಕ ಅದರ ಪಾಡಿಗೆ ಬಿಡಬೇಕು. ಮಗ ಅದನ್ನು ತಂದು ನನ್ನ ದೊಡ್ಡಿಗೆ ಬಿಟ್ಟ. "ಸಣ್ಣವ್ವ, ಅವ್ವನ್ನ ನಿನ್ನ ಕೈಯಾಗ ಇಟ್ಟೀನಿ" ಅಂದ. ಗೆಳತಿ ಕೇಳಿದ್ದರೆ ನಗುತ್ತಿದ್ದಳು. ನಾನು ನಗಲಿಲ್ಲ. ಒಪ್ಪಿಕೊಂಡೆ.

ಮಳೆಗಾಲ ಮುಗಿದ ಮೇಲೆ ಎಲ್ಲ ಕುರಿಯ ಉಣ್ಣೆ ಕತ್ತರಿಸಿದೆವು. ಅದರದು ಬಿಟ್ಟೆವು. ಎಂಟು ದಿನಕ್ಕೊಮ್ಮೆ ಎಲ್ಲವನ್ನೂ ಕೆಡವಿದೆವು. ಅದನ್ನು ಬಿಟ್ಟೆವು. ಇನ್ನೊಂದು ತಪ್ಪೂ ಆಯಿತು. ವರ್ಷಕ್ಕೊಮ್ಮೆ ದೇವಿಗೆ ಹಾಕುವ ಸೂಜಿಯನ್ನು ಆ ವರ್ಷ ಹಾಕಿಸಲಿಲ್ಲ. ಪ್ರತಿ ಸಲ ನೆನಪು ಮಾಡಿ ಡಾಕ್ಟರಿಗೆ ಗಂಟು ಬೀಳುತ್ತಿದ್ದವಳು ಅವಳು, ನಾನಲ್ಲ.

ಸಂಕ್ರಾಂತಿ ಆದ ಮೇಲೆ ಯಾವುದೋ ದೂರದ ಹಿಂಡು ನಮ್ಮ ಹಳ್ಳದಲ್ಲಿ ನೀರು ಕುಡಿದು ಮುಂದೆ ಹೋಯಿತು. ಅದಾಗಿ ಎರಡು ವಾರಕ್ಕೆ ಆ ಹೆಣ್ಣುಮರಿ ಸತ್ತದ್ದು.

ಆಗ ನನ್ನ ದೊಡ್ಡಿಯಲ್ಲಿ ನಲವತ್ತೆರಡು ದೊಡ್ಡ ಕುರಿ, ಇಪ್ಪತ್ತೇಳು ಮರಿ. ನನ್ನ ಮಗ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಹೋಗಿದ್ದ. ಮನೆಯಲ್ಲಿ ನಾನು, ಸೊಸೆ. ಈ ಸೊಸೆ ಮದುವೆಗೆ ಮೊದಲು ಆರು ಹಂಗಾಮು ಕಬ್ಬು ಕಡಿದವಳು. ಬೆನ್ನು ಬಾಗಿ ಹೋಗಿತ್ತು. ಈ ಹಿಂಡು ಇರುವುದರಿಂದ ಮತ್ತೆ ಕುಡುಗೋಲು ಹಿಡಿದು ಹೋಗಿರಲಿಲ್ಲ. ಹಿಂಡು ಹೋದರೆ ಅವಳು ಹೋಗಲೇಬೇಕು. ನನಗಂತೂ ಇನ್ನೊಂದು ಹಿಂಡು ಕಟ್ಟುವ ಕಸುವಿಲ್ಲ. ಇಬ್ಬರಿಗೂ ಇದು ಗೊತ್ತಿತ್ತು. ಹಾಗಾಗಿ ಮರಿಯನ್ನು ಹೂಳಿದ ಕೂಡಲೆ ಕೆಲಸಕ್ಕೆ ನಿಂತೆವು.

ಒಂದೊಂದಾಗಿ ನಲವತ್ತೊಂದು ಕುರಿ ಕೆಡವಿದೆವು. ಸೊಸೆ ಹಿಂಗಾಲು ಹಿಡಿದಳು, ನಾನು ಬೆರಳಾಡಿಸಿದೆ. ಐದರಲ್ಲಿ ಗಂಟು ಸಿಕ್ಕಿತು. ಆ ಐದನ್ನೂ ಅವುಗಳ ಮರಿಗಳನ್ನೂ ಹೊಲದ ಆ ತುದಿಗೆ ಒಯ್ದು ಜಾಲಿಮುಳ್ಳಿನ ಬೇರೆ ದೊಡ್ಡಿ ಮಾಡಿದೆವು. ನಲವತ್ತೆರಡನೆಯದರ ಮುಂದೆ ಸೊಸೆ ನಿಂತಳು.

"ಅತ್ತಿ, ಇದು?"

"ಮೇಯಾಕತ್ತದಲ್ಲ. ಬಿಡು."

ಅದು ನಿಜವಾಗಿಯೂ ಮೇಯುತ್ತಿತ್ತು. ಮೂಗು ಕಟ್ಟಿರಲಿಲ್ಲ, ಕಣ್ಣು ಚೊಕ್ಕ ಇತ್ತು. ವರ್ಷದ ಉಣ್ಣೆ ಗಂಟು ಗಂಟಾಗಿ ಮೊಣಕಾಲ ತನಕ ಇಳಿಬಿದ್ದಿತ್ತು. ಅದರ ಮರಿಯೇ ಸತ್ತದ್ದು ಅನ್ನುವುದನ್ನು ನಾನು ನೋಡಿದೆ. ನೋಡಿಯೂ ಬಿಟ್ಟೆ.

ಮರುದಿನ ಹುಮನಾಬಾದದಿಂದ ದನದ ಡಾಕ್ಟರು ಬಂದರು. ಚಿಕ್ಕ ವಯಸ್ಸಿನವರು, ಸುಳ್ಳು ಭರವಸೆ ಕೊಡದ ಮನುಷ್ಯ. "ಅಮ್ಮಾ, ಇದಕ್ಕ ಔಷಧ ಇಲ್ಲ. ಹುಣ್ಣಿಗಿ ಕೀವು ಆಗಬಾರದು ಅಂತ ಸೂಜಿ ಕೊಡ್ತೀನಿ, ಅಷ್ಟ. ಚೊಕ್ಕ ಇದ್ದ ದೊಡ್ಡ ಕುರಿಗಿ ದೇವಿ ಸೂಜಿ ಹಾಕ್ತೀನಿ, ಅದು ಮೈಗಿ ಹತ್ತಾಕ ಎರಡು ಮೂರು ವಾರ ಬೇಕು. ಅಲ್ಲೀತನಕ ನೀವ ಕಾಯಬೇಕು" ಅಂದರು. ಸತ್ತದ್ದನ್ನು ಸುಣ್ಣ ಹಾಕಿ ಆಳಕ್ಕೆ ಹೂಳಬೇಕು, ಚರ್ಮ ಸುಲಿಯಬಾರದು, ಬೇನೆಯ ದೊಡ್ಡಿಗೆ ಹೋದ ಕಾಲಿನಲ್ಲಿ ಈ ದೊಡ್ಡಿಗೆ ಬರಬಾರದು ಅಂದರು. ಹುಣ್ಣು ಒಣಗಿ ಉದುರಿದ ಹೊಪ್ಪಳೆಯಲ್ಲೂ ರೋಗ ತಿಂಗಳುಗಟ್ಟಲೆ ಬದುಕಿರುತ್ತದೆ ಅಂದರು. ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಟ್ಟರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು ನಾನು, ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಗೆಳತಿಗೆ ಅಕ್ಷರವೇ ಬರುತ್ತಿರಲಿಲ್ಲ. ಹಾಳೆಯಲ್ಲಿ ಅವಳು ಹೇಳದ ಹೊಸ ಮಾತು ಒಂದೂ ಇರಲಿಲ್ಲ, ಕೆಂಪು ಪುಡಿಯ ಔಷಧದ ಅಳತೆ ಬಿಟ್ಟರೆ.

ಆಮೇಲಿನ ಇಪ್ಪತ್ತು ದಿನ ಹೀಗೆ ನಡೆಯಿತು. ಬೆಳಿಗ್ಗೆ ಮೊದಲು ಚೊಕ್ಕ ದೊಡ್ಡಿ. ನೀರು, ಹೊಟ್ಟು, ಜೋಳದ ಕಣಿಕೆ. ಎಲ್ಲ ಕುರಿಯ ಬಾಲ ಎತ್ತಿ ನೋಡುವುದು, ಕಂಕುಳಿಗೆ ಕೈ ಹಾಕುವುದು. ಹೊಸ ಗಂಟು ಸಿಕ್ಕರೆ ಆ ಕುರಿ ಆ ಕಡೆಗೆ. ಬಿಸಿಲೇರಿದ ಮೇಲೆ ಸೊಸೆ ಬೇನೆಯ ದೊಡ್ಡಿಗೆ ಹೋಗುವಳು. ಹುಣ್ಣು ತೊಳೆಯುವಳು, ಬೇವಿನ ಸೊಪ್ಪು ಅರೆದು ಹಚ್ಚುವಳು, ಬಾಯಿ ಹುಣ್ಣಾಗಿ ಮೇಯಲಾಗದವಕ್ಕೆ ಜೋಳದ ಅಂಬಲಿ ಕುಡಿಸುವಳು. ಬಂದು ಸೀರೆ ಬಿಚ್ಚಿ ಬಿಸಿನೀರಿಗೆ ಹಾಕಿ ಮೈ ತೊಳೆದುಕೊಳ್ಳುವಳು. ರೋಗ ಪುಪ್ಪುಸಕ್ಕೆ ಇಳಿದು ಏದುಸಿರು ಬಿಡುತ್ತಿದ್ದ ಮರಿಗಳನ್ನು ನಾನೇ ಹೋಗಿ ಮುಗಿಸುತ್ತಿದ್ದೆ. ಕುತ್ತಿಗೆ ತಿರುವುವುದನ್ನು ಎಂದೋ ಕಲಿತಿದ್ದೆ. ಹೊಲದ ಬದುವಿನ ಕುಣಿ ತುಂಬಿ ಇನ್ನೊಂದು ತೋಡಬೇಕಾಯಿತು.

ತಾಯಿ ಸತ್ತ ಮರಿಗಳದೇ ದೊಡ್ಡ ತಂಟೆ. ಬೇರೆ ಬೇನೆಯಾಗಿದ್ದರೆ, ಮರಿ ಸತ್ತ ಕುರಿಯ ಹತ್ತಿರ ತಬ್ಬಲಿ ಮರಿಯನ್ನು ಬಿಡುವಾಗ ಸತ್ತ ಮರಿಯ ಚರ್ಮ ಸುಲಿದು ಅದರ ಬೆನ್ನಿಗೆ ಕಟ್ಟುತ್ತೇವೆ. ತನ್ನದೇ ಮರಿ ಅಂತ ಮೂಸಿ ಮೊಲೆ ಕೊಡುತ್ತದೆ. ದೇವಿ ಬಂದಾಗ ಚರ್ಮ ಮುಟ್ಟುವಂತಿಲ್ಲ. ಹಾಗಾಗಿ ಕುರಿಯ ಹಾಲನ್ನೇ ಹಿಂಡಿ ಮರಿಯ ನೆತ್ತಿಗೂ ಬಾಲಕ್ಕೂ ಸವರಿ ಬಿಟ್ಟೆವು. ಮರಿ ಕಳೆದುಕೊಂಡು ಹಾಲಿರುವ ಕುರಿ ಚೊಕ್ಕ ದೊಡ್ಡಿಯಲ್ಲಿ ಮೂರಿದ್ದವು. ಎರಡು ಒದೆಯುತ್ತಿದ್ದವು, ಕಾಲು ಕಟ್ಟಿ ಕುಡಿಸಬೇಕು. ಮೂರನೆಯದು ಗೆಳತಿಯ ಹೆಸರಿನದು. ಅದು ಯಾವ ಮರಿ ಬಂದರೂ ಸುಮ್ಮನೆ ನಿಲ್ಲುತ್ತಿತ್ತು.

"ನೋಡ್ರಿ ಅತ್ತಿ, ದೊಡ್ಡಮ್ಮ ಸತ್ತರೂ ನಮ್ಮನ್ನ ಬಿಟ್ಟಿಲ್ಲ" ಅಂದಳು ಸೊಸೆ. ಗೆಳತಿಯನ್ನು ಅವಳು ದೊಡ್ಡಮ್ಮ ಅನ್ನುತ್ತಿದ್ದಳು.

"ದೊಡ್ಡಮ್ಮ ಇದ್ದಾಗ ಇಷ್ಟು ಸುಮ್ಮ ಎಂದೂ ನಿಂತಾಕಿ ಅಲ್ಲ" ಅಂದೆ. ಅಂದೆನಷ್ಟೆ. ಒಳಗೆ ನನಗೂ ಹಾಗೇ ಅನ್ನಿಸಿತ್ತು, ಅದೇ ನನ್ನ ಮೂರ್ಖತನ. ಹಾಲು ಹಿಂಡುವಾಗ ಅದರ ಮೊಲೆಯ ತುದಿ ಮುಟ್ಟಿದ್ದೆ. ನುಣ್ಣಗಿತ್ತು. ಅದರಿಂದ ಮೇಲೆ, ಉಣ್ಣೆಯೊಳಗೆ ಬೆರಳು ಒಯ್ಯಲಿಲ್ಲ.

ಯಾವ ಮರಿ ಯಾವ ಕುರಿಗೆ ಕುಡಿಯಬೇಕು ಅನ್ನುವುದು ತಪ್ಪಬಾರದು ಅಂತ ಸೊಸೆ ಹಳೆಯ ಸೀರೆ ಹರಿದು ಮರಿಗಳ ಕುತ್ತಿಗೆಗೆ ಚಿಂದಿ ಕಟ್ಟಿದಳು. ಒದೆಯುವ ಎರಡಕ್ಕೆ ಬಿಳಿ ಮತ್ತು ನೀಲಿ, ಗೆಳತಿಯ ಕುರಿಗೆ ಕೆಂಪು. ಸುಮ್ಮನೆ ನಿಲ್ಲುವ ಕುರಿಯಲ್ಲವೇ, ಅದಕ್ಕೆ ಹೆಚ್ಚು ಮರಿ ಹಚ್ಚಿದೆವು. ಸೊರಗಿದವನ್ನು, ಹುಷಾರಾಗಿ ಉಳಿಸಿಕೊಳ್ಳಬೇಕಾದವನ್ನು ಅದಕ್ಕೇ ಕೊಟ್ಟೆವು.

ಒಂಬತ್ತನೆಯ ದಿನ ಕೆಂಪು ಚಿಂದಿಯ ನಾಲ್ಕು ಮರಿಗಳಿಗೆ ಜ್ವರ ಬಂತು. ಹನ್ನೆರಡಕ್ಕೆ ನಾಲ್ಕೂ ಸತ್ತವು. ರೋಗ ಊರೆಲ್ಲ ಇದೆ, ಎಲ್ಲಿಂದಲೋ ಹತ್ತಿತು ಅಂದುಕೊಂಡು ಮತ್ತೆ ಮೂರು ತಬ್ಬಲಿಗಳನ್ನು ಅದೇ ಕುರಿಗೆ ಹಚ್ಚಿದೆ. ಆ ಮೂರೂ ಇಪ್ಪತ್ತನೆಯ ದಿನದೊಳಗೆ ಕುಣಿಗೆ ಹೋದವು.

ಆ ದಿನ ಮಧ್ಯಾಹ್ನ ಸೊಸೆ ಗೋಡೆಯ ಮೊಳೆಗೆ ಏನೋ ಸಿಗಿಸುತ್ತಿದ್ದಳು. ನೋಡಿದರೆ ಸತ್ತ ಮರಿಗಳ ಕುತ್ತಿಗೆಯ ಚಿಂದಿಗಳು.

"ಏ ಹುಚ್ಚಿ, ಅವನ್ನ ಯಾಕ ಇಟ್ಟೀದಿ? ರೋಗದ ಚಿಂದಿ!"

"ತೊಳದೀನ್ರಿ. ಮತ್ತ ಕಟ್ಟಾಕ ಬರ್ತಾವ ಅಂತ..."

"ನಿನ್ನ ಕುತ್ತಿಗಿಗಿ ಕಟ್ಟಿಕೋ" ಅಂತ ಬೈಯುತ್ತ ಒಲೆಗೆ ಹಾಕಲು ಕಿತ್ತುಕೊಂಡೆ. ಕೈಯಲ್ಲಿ ಹಿಡಿದಾಗ ಕಂಡಿತು. ಏಳು ಕೆಂಪು, ಒಂದು ಬಿಳಿ. ನೀಲಿ ಇರಲೇ ಇಲ್ಲ.

ನಾನು ಚಿಂದಿ ಹಿಡಿದುಕೊಂಡು ಒಲೆಯ ಮುಂದೆ ನಿಂತೆ. ಸೊಸೆ ನನ್ನ ಮುಖ ನೋಡಿದಳು, ಚಿಂದಿ ನೋಡಿದಳು. ಅವಳಿಗೂ ತಿಳಿಯಿತು.

"ಬ್ಯಾಡ್ರಿ ಅತ್ತಿ" ಅಂದಳು, ನಾನಿನ್ನೂ ಏನೂ ಹೇಳಿರಲಿಲ್ಲ.

"ಹಿಂಗಾಲು ಹಿಡಿ, ನಡಿ."

"ಹೆಸರಿಗಿ ಬಿಟ್ಟದ್ದು ಅದ. ಕೆಡವಬಾರದು ಅಂತಾರ. ಮನಿಗಿ ಏನಾರ ಆದ್ರ?"

"ಮನಿಗಿ ಆಗಾಕ ಇನ್ನೇನ ಉಳದದ? ಹಿಡಿ ಅಂದ್ರ ಹಿಡಿ."

ಕೆಡವಿದೆವು. ಅದು ಒದೆಯಲೂ ಇಲ್ಲ. ತೊಡೆಯ ಸಂದಿನ ಉಣ್ಣೆ ಜಡೆಗಟ್ಟಿ ಕೆಚ್ಚಲಿಗೆ ಅಂಟಿತ್ತು. ಬೆರಳು ತೂರಿಸಿ ಬಿಡಿಸಿದೆ. ಕೆಳಗೆ ಚರ್ಮವೇ ಕಾಣಲಿಲ್ಲ. ಹೊಪ್ಪಳೆಯ ಮೇಲೆ ಹೊಪ್ಪಳೆ, ಕೆಲವು ಒಣಗಿ ಉದುರಿ ಉಣ್ಣೆಯಲ್ಲೇ ಸಿಕ್ಕಿಕೊಂಡಿದ್ದವು, ಕೆಲವು ಇನ್ನೂ ಹಸಿ. ಮರಿಗಳು ಮೂತಿ ಒತ್ತಿ ಗುದ್ದಿ ಕುಡಿಯುವ ಜಾಗ ಅದೇ. ಏಳು ಮರಿಗಳನ್ನು ಒಂದೊಂದಾಗಿ ನನ್ನ ಕೈಯಾರೆ ಹಿಡಿದು ಅಲ್ಲಿಗೇ ಒತ್ತಿದ್ದೆ.

ಸೊಸೆ ಅತ್ತಳು. ನಾನು ಕೈ ತೊಳೆದುಕೊಂಡು ಡಾಕ್ಟರಿಗೆ ಫೋನು ಮಾಡಿಸಿದೆ. "ಉಣ್ಣೆ ಪೂರಾ ಕತ್ತರಿಸಿ ಸುಡ್ರಿ, ಔಷಧ ನೀರಿಲೆ ತೊಳೀರಿ, ಒಂದೂವರೆ ತಿಂಗಳು ದೂರ ಕಟ್ರಿ. ಅದು ಬದುಕೀತು" ಅಂದರು. ಅವರು ಹೇಳಿದ್ದು ಸರಿಯೇ ಇತ್ತು. ನಾನು ಅದನ್ನು ಅರ್ಧ ಮಾಡಿದೆ. ಸೊಸೆ ಕಾಲಿಗೆ ಬಿದ್ದಳು ಅಂತ ಉಣ್ಣೆ ಕತ್ತರಿಸಲಿಲ್ಲ. ಬೇನೆಯ ದೊಡ್ಡಿಗಿಂತ ಆಚೆ ಒಂದು ಬೇವಿನ ಗಿಡಕ್ಕೆ ಕಟ್ಟಿ ಬಂದೆವು.

ಅರ್ಧ ಮಾಡಿದ ಕೆಲಸ ಎರಡೇ ದಿನದಲ್ಲಿ ತನ್ನ ಫಲ ತೋರಿಸಿತು. ಊರ ಹೆಂಗಸರಿಗೆ ಸುದ್ದಿ ಹೋಯಿತು: ಹೆಸರಿಗೆ ಬಿಟ್ಟ ಕುರಿಯ ಮೈಯಲ್ಲಿ ದೇವಿ ನಿಂತಿದ್ದಾಳೆ, ಆದರೂ ಕುರಿ ಸತ್ತಿಲ್ಲ ಅಂತ. ಅರಿಶಿನ ತಂದರು, ಮೊಸರನ್ನ ತಂದರು. ಅದರ ಮೈ ಸವರಿ ಕೈಯನ್ನು ಕಣ್ಣಿಗೊತ್ತಿಕೊಂಡು, ಅದೇ ಕೈಯಲ್ಲಿ ತಮ್ಮ ಮನೆಯ ಕುರಿ ಕಟ್ಟಲು ಹೋದರು. ನಾನು ಬೈದೆ. "ನಿನ್ನ ಗೆಳತಿ ಅಲ್ಲೇನ, ಮುದುಕಿ? ನಿನ್ನ ಎದಿಯಾಗ ಏನೂ ಇಲ್ಲೇನು?" ಅಂದರು. ಮೂರನೆಯ ದಿನ ಬೆಳಿಗ್ಗೆ ಹೋದಾಗ ಬಿಳಿ ಚಿಂದಿಯ ಎರಡು ಮರಿಗಳು ಚೊಕ್ಕ ದೊಡ್ಡಿಯ ಬೇಲಿ ನುಸುಳಿ ಹೋಗಿ ಅದರ ಕೆಳಗೆ ಬಾಲ ಅಲ್ಲಾಡಿಸುತ್ತ ಕುಡಿಯುತ್ತಿದ್ದವು. ಕುರಿ ಕಣ್ಣು ಮುಚ್ಚಿಕೊಂಡು ನಿಂತಿತ್ತು.

ಅಲ್ಲೇ ನಿಂತು ತೀರ್ಮಾನ ಮಾಡಿದೆ. ಕತ್ತರಿಸಿ, ತೊಳೆದು, ಕಾಯುತ್ತ ಕೂತರೆ ಆ ಕುರಿ ಬದುಕಬಹುದು. ಅದು ಬದುಕಿರುವ ತನಕ ಅದಕ್ಕೆ ಕೈ ಮುಗಿಯುವವರು ಬರುತ್ತಾರೆ, ಹಸಿದ ಮರಿ ಬೇಲಿ ನುಸುಳುತ್ತದೆ, ನಾನು ಎಷ್ಟಂತ ಕಾಯಲಿ? ಮರಿ ಹದಿಮೂರು ಉಳಿದಿದ್ದವು. ಗೆಳತಿಯ ಹೆಸರು ಅದರ ನೆತ್ತಿಯ ಮೇಲೆ ಇಲ್ಲದಿದ್ದರೆ ಮೊದಲ ದಿನವೇ ಕೆಡವಿ ನೋಡಿ ಬೇರೆ ಮಾಡುತ್ತಿದ್ದೆ. ಹೆಸರಿನ ಕಾರಣಕ್ಕೆ ಬಿಟ್ಟೆ. ಆ ಹೆಸರಿನವಳು ಒಂದು ದಿನವೂ ಬಿಡುತ್ತಿರಲಿಲ್ಲ.

ಹಾಗಂತ ಕದ್ದು ಮಾಡುವುದು ಬೇಡ ಅನ್ನಿಸಿತು. ಕೊಹಿನೂರಕ್ಕೆ ಫೋನು ಮಾಡಿಸಿದೆ. ಅವಳ ಮಗ ಮೋಟರ್ ಸೈಕಲ್ ಹತ್ತಿ ಮಧ್ಯಾಹ್ನಕ್ಕೆ ಬಂದ. ಊರಿನ ಇಬ್ಬರು ಗಂಡಸರನ್ನು ಕೊಯ್ಯಲು ಕರೆದಿದ್ದೆ. ಇಬ್ಬರೂ ಬೇಲಿಯಾಚೆ ನಿಂತು, ನಮ್ಮಿಂದ ಆಗುವುದಿಲ್ಲ, ನಮಗೂ ಮಕ್ಕಳುಮರಿ ಇದ್ದಾರೆ ಅಂದರು. ಸರಿ, ನಾನೇ ಕತ್ತಿ ಮಸೆಯುತ್ತ ಕೂತಿದ್ದೆ. ಮಗ ಅದನ್ನು ನೋಡಿದ.

"ಸಣ್ಣವ್ವ, ನಿನ್ನ ಕೈಯಾಗ ಅವ್ವನ್ನ ಇಟ್ಟಿದ್ದೆ."

"ಕುರಿ ಇಟ್ಟಿದ್ದಿ. ನಿಮ್ಮವ್ವ ಕೊಹಿನೂರದಾಗ ಮಣ್ಣಾಗಿ ಆತು."

"ಡಾಕ್ಟರು ಬದುಕ್ತದ ಅಂದಾರಂತ. ನೀ ಯಾಕ ಕೊಲ್ಲಾಕತ್ತಿ?"

"ಇದು ಬದುಕ್ತದ. ಉಳಿದವು ಸಾಯ್ತಾವ. ನಿಮ್ಮವ್ವ ಇದ್ದಿದ್ರ ನನ್ನ ಹಂಗ ಇಪ್ಪತ್ತು ದಿನ ಕುಂದರತಿದ್ಳೇನು? ನೀ ಹೇಳು, ಆಕಿ ಹೊಟ್ಟ್ಯಾಗ ಹುಟ್ಟೀದಿ."

ಅವನಿಗೂ ಗೊತ್ತಿತ್ತು. ಗೊತ್ತಿದ್ದೂ, "ಆಕಿಗಿ ಎದಿ ಇರಲಿಲ್ಲ ಅಂತ ಊರೆಲ್ಲ ಅಂತಿದ್ರು. ನೀನೂ ಹಂಗ ಆದಿ" ಅಂದ. ಹೆತ್ತ ಮಗ ಆಡಿದ ಮಾತು ಅದು. ಮೂವತ್ತು ವರ್ಷ ಅವಳು ನೋಡಿದ ಕುರಿಯ ಅನ್ನ ತಿಂದೇ ಅವನು ಬೆಳೆದದ್ದು. ನಾನು ಕತ್ತಿ ಹಿಡಿದು ಎದ್ದೆ.

ಸೊಸೆ ಹಿಂಗಾಲು ಹಿಡಿದಳು. ಈ ಸಲ ಕೇಳಲಿಲ್ಲ, ಅಳಲಿಲ್ಲ. ನಾನು ಮೊಣಕಾಲನ್ನು ಅದರ ಭುಜಕ್ಕೆ ಒತ್ತಿ ತಲೆ ಹಿಂದಕ್ಕೆ ಬಗ್ಗಿಸಿದೆ. ಕತ್ತಿ ಹಾಯಲಿಲ್ಲ. ಕುತ್ತಿಗೆಯ ಕೆಳಗೆ ಒಂದು ವರ್ಷದ ಉಣ್ಣೆ, ಕಂಬಳಿಯಷ್ಟು ದಪ್ಪ. ಕುರಿ ಒಂದು ಸಲ ಕೂಗಿತು. ಕತ್ತಿ ಕೆಳಗಿಟ್ಟು ಕತ್ತರಿ ತರಿಸಿ ಗಂಟಲ ಉಣ್ಣೆ ಕತ್ತರಿಸಬೇಕಾಯಿತು. ಆಮೇಲೆ ಕೊಯ್ದೆ. ಅರವತ್ತು ದಾಟಿದ ಕೈ, ಒಂದೇ ಏಟಿಗೆ ಆಗಲಿಲ್ಲ. ಎರಡಾದವು. ಅದೊಂದು ನನಗೆ ನಾಚಿಕೆ. ಗೆಳತಿಗೆ ಎಂದೂ ಎರಡು ಬೇಕಾಗಿರಲಿಲ್ಲ.

ಮಗ ಗಾಡಿಯ ಹತ್ತಿರ ಹೋಗಿ ನಿಂತು ಕೂಗಿದ: "ನೀ ಸತ್ತರ ನಾ ಮಣ್ಣಿಗಿ ಬರಂಗಿಲ್ಲ!"

"ಬರಬ್ಯಾಡ. ಹೋಗೂಮುಂದ ಕೈಕಾಲು ತೊಳಕೊಂಡು ಹೋಗು, ನಿಮ್ಮ ಊರಿಗಿ ರೋಗ ಒಯ್ಯಬ್ಯಾಡ" ಅಂದೆ.

ತೊಳೆದುಕೊಂಡೇ ಹೋದ. ಅಷ್ಟಾದರೂ ಅವಳಿಂದ ಕಲಿತಿದ್ದ.

ಕುಣಿಗೆ ಮೊದಲು ಸುಣ್ಣ, ಮೇಲೆ ಕುರಿ, ಅದರ ಮೇಲೆ ಮತ್ತೆ ಸುಣ್ಣ, ಮಣ್ಣು, ಜಾಲಿಮುಳ್ಳು. ಕಟ್ಟಿದ್ದ ಜಾಗದ ಮಣ್ಣು ಒಂದು ಗೇಣು ಕೆರೆದು ಸುಟ್ಟೆವು. ಗೆಳತಿ ಸತ್ತ ದಿನ ನಾನು ಅತ್ತಿರಲಿಲ್ಲ, ಆವತ್ತೂ ಅಳಲಿಲ್ಲ. ಅತ್ತೆ ಅಂತ ಹೇಳಿದರೆ ಕೇಳುವವರಿಗೆ ಚಲೋ ಅನ್ನಿಸೀತು, ಆದರೆ ಸುಳ್ಳಾಗುತ್ತದೆ. ಕೈ ನಾರುತ್ತಿತ್ತು, ಸೊಂಟ ಹಿಡಿದಿತ್ತು, ಇನ್ನೂ ಮೂವತ್ತನಾಲ್ಕು ಕುರಿಗೆ ನೀರು ಕುಡಿಸುವುದಿತ್ತು.

ಕೊನೆಯ ದಿನ ಅದರ ಹಾಲು ಕುಡಿದ ಬಿಳಿ ಚಿಂದಿಯ ಎರಡು ಮರಿಗಳನ್ನು ನಾವು ಬೇರೆ ಇಟ್ಟೆವು. ಎಂಟನೆಯ ದಿನ ಎರಡಕ್ಕೂ ಗಂಟು ಎದ್ದವು, ಎರಡೂ ಸತ್ತವು. ಅವೇ ಕೊನೆ. ಆಮೇಲೆ ಹೊಸದಾಗಿ ಯಾವುದಕ್ಕೂ ಬರಲಿಲ್ಲ. ಸೂಜಿ ಮೈಗೆ ಹತ್ತಿತ್ತು ಅಂತ ಡಾಕ್ಟರು ಅಂದರು, ರೋಗದ ಬೀಜ ದೊಡ್ಡಿಯಿಂದ ಹೋಯಿತು ಅಂತಲೂ ಅಂದರು. ಎರಡೂ ಇರಬಹುದು. ಮರಿ ಹನ್ನೊಂದು ಉಳಿದವು. ಸೊಸೆ ಈ ವರ್ಷ ಕಬ್ಬಿಗೆ ಹೋಗಲಿಲ್ಲ.

ಊರವರು ತಿಂಗಳುಗಟ್ಟಲೆ ನಮ್ಮ ಬಾವಿಯ ಕಡೆ ಬರಲಿಲ್ಲ. ಅದೂ ಒಳ್ಳೆಯದೇ ಆಯಿತು, ರೋಗ ಹೊತ್ತು ತರುವ ಕಾಲು ಕಡಿಮೆಯಾದವು. ಸೊಸೆ ಒಂದು ದಿನ ಮೆಲ್ಲಗೆ ಕೇಳಿದಳು, "ದೊಡ್ಡಮ್ಮನ ಹೆಸರಿಗಿ ಇನ್ನೊಂದು ಬಿಡೂಣೇನ್ರಿ ಅತ್ತಿ?" ಬೇಡ ಅಂದೆ. ಬಿಟ್ಟರೆ ಅದನ್ನೂ ನೋಡುವುದು ಬಿಡುತ್ತೇನೆ. ಅವಳ ಹೆಸರು ಹೇಳಿ ನಾನು ಏನನ್ನಾದರೂ ನೋಡದೆ ಬಿಟ್ಟರೆ ಅದಕ್ಕಿಂತ ದೊಡ್ಡ ಅವಮಾನ ಅವಳಿಗೆ ಬೇರೆ ಇಲ್ಲ.

ಅವಳ ವರ್ಷದ ಊಟ ಕೊಹಿನೂರದಲ್ಲಿ ನಡೆಯಿತು. ನನ್ನನ್ನು ಕರೆಯಲಿಲ್ಲ. ಕರೆಯುತ್ತಾರೆ ಅಂತ ನಾನೂ ಕಾದಿರಲಿಲ್ಲ. ಅದು ಎಂಟನೆಯ ದಿನ ಬಿದ್ದಿತ್ತು, ಕುರಿ ಕೆಡವುವ ದಿನ. ಬೆಳಿಗ್ಗೆ ನಾನು ಎದ್ದು ಹೋಗುವುದರೊಳಗೆ ಸೊಸೆ ತಾನೇ ಶುರು ಮಾಡಿದ್ದಳು. ಒಂದು ಕುರಿಯ ಕಾಲನ್ನು ತನ್ನ ತೊಡೆಗಳ ನಡುವೆ ಸಿಕ್ಕಿಸಿ ಒಬ್ಬಳೇ ಕೆಡವಿ, ಬಾಲ ನೋಡಿ, ಕಂಕುಳು ನೋಡಿ ಬಿಡುತ್ತಿದ್ದಳು. ನಾನು ಬೇಲಿಯ ಹತ್ತಿರ ನಿಂತು ನೋಡಿದೆ. ಆರನೆಯದನ್ನು ಬಿಟ್ಟಾಗ ಕೂಗಿದೆ.

"ಕೆಚ್ಚಲ ಮ್ಯಾಲ ನೋಡಲಿಲ್ಲ ನೀ."

"ನೋಡ್ದೆನ್ರಿ."

"ಕಣ್ಣಿಲೆ ನೋಡ್ದಿ. ಮತ್ತ ಕೆಡವು."

ಅವಳು ನನ್ನನ್ನು ಕೆಕ್ಕರಿಸಿ ನೋಡಿದಳು. ಬಾಯಲ್ಲಿ ಏನೋ ಬೈದುಕೊಂಡಳು, ನನಗೆ ಕೇಳಿಸದ ಹಾಗೆ. ಆಮೇಲೆ ಹಿಂಡಿನೊಳಗೆ ನುಗ್ಗಿ ಅದೇ ಕುರಿಯನ್ನು ಹುಡುಕಿ, ಕಾಲು ಹಿಡಿದು ಎಳೆದು, ಮತ್ತೆ ಕೆಡವಿದಳು.